ಜಡ್ಡಿ ಬಸಿದು ತೋಟ ಮಾಡಿದ್ರೆ ಮೀಥೇನ್ ನಿಲ್ಲುತ್ತೆ, ಹಳ್ಳಕ್ಕೂ ನೀರು ಉಳಿಯುತ್ತೆ ಅಂತಾರೆ, ನಿಜಾನಾ?

ಜಡ್ಡಿಬದಿ (ಮಾರ್ಚ್ 2)

ಎಲ್ರಿಗೂ ನಮಸ್ಕಾರ. ನಮ್ದು ಸಿದ್ದಾಪುರ ತಾಲೂಕು, ಘಟ್ಟದ ಅಂಚಿನ ಊರು. ತೋಟದ ಮೇಲ್ಗಡೆ ಎರಡು ಗುಡ್ಡದ ಸಂದಿಯಲ್ಲಿ ಒಂದು ಜಡ್ಡಿ (ಜೌಗು ಕಾಡು) ಇದೆ, ಹೆಚ್ಚುಕಮ್ಮಿ ಒಂದು ಎಕರೆ. ಪೂರ್ತಿ ರಾಮಪತ್ರೆ ಜಾತಿ ಮರ, ಬೇರು ಮಂಡಿ ಮಡಚಿದ ಹಾಗೆ ಕೆಸರಿಂದ ಮೇಲೆದ್ದು ಮತ್ತೆ ಕೆಸರಿಗೇ ಹೋಗಿರ್ತಾವೆ, ನಡು ಬೇಸಿಗೇಲೂ ಕಾಲಿಟ್ರೆ ಮೊಣಕಾಲ ತನಕ ಇಳಿಯುತ್ತೆ, ಗುಳುಗುಳು ಅಂತ ಗುಳ್ಳೆ ಬರುತ್ತೆ. ಜಡ್ಡಿಯಿಂದ ಒಂದು ಸಣ್ಣ ಹಳ್ಳ ಹೊರಡುತ್ತೆ, ಅದೇ ನಮ್ಮ ತೋಟಕ್ಕೂ ಕೆಳಗಿನ ಮೂರು ಮನೆಗೂ ನೀರು.

ಈಗ ವಿಷಯ ಏನಂದ್ರೆ ನನ್ನ ಚಿಕ್ಕಪ್ಪನ ಮಗ ಅದರ ನಡುವೆ ಒಂದು ಮೀಟರ್ ಆಳದ ಬಸಿಗಾಲುವೆ ತೆಗ್ದು ನೀರಿಳಿಸಿ 500 ಅಡಿಕೆ ಸಸಿ ಇಡೋಣ ಅಂತ ಹಟ ಹಿಡಿದಿದಾನೆ. ಅಡಿಕೆ ರೇಟು ನೋಡಿದ್ರೆ ಅವನ ಆಸೆ ತಪ್ಪು ಅಂತ ಹೇಳೋಕಾಗಲ್ಲ. ಆದ್ರೆ ಜೊತೆಗೆ ಅವನು ಎರಡು ವಾದ ಇಟ್ಟಿದಾನೆ, ಅದಕ್ಕೆ ನನ್ನತ್ರ ಉತ್ತರ ಇಲ್ಲ. ಒಂದು, ಜೌಗಿಂದ ಮೀಥೇನ್ ಬರುತ್ತೆ, ಅದು ಇಂಗಾಲದ ಡೈಆಕ್ಸೈಡಿಗಿಂತ ಎಷ್ಟೋ ಪಟ್ಟು ಕೆಟ್ಟದ್ದು, ಬಸಿದ್ರೆ ನಿಲ್ಲುತ್ತೆ, ಹವಾಮಾನಕ್ಕೇ ಒಳ್ಳೇದು. ಎರಡು, ಆ ಮರಗಳು ವರ್ಷವಿಡೀ ನೀರಲ್ಲಿ ನಿಂತು ನೀರು ಹೀರಿ ಗಾಳಿಗೆ ಬಿಡ್ತಾವೆ, ಬಸಿದ್ರೆ ಆ ನೀರು ಹಳ್ಳಕ್ಕೆ ಬರುತ್ತೆ.

ಅಪ್ಪ ಎರಡೂ ಕಡೆ ತಲೆ ಹಾಕ್ತಿದಾರೆ. ನಂಗೆ ಜಡ್ಡಿ ಹೋಗೋದು ಇಷ್ಟ ಇಲ್ಲ, ಆದ್ರೆ ಇಷ್ಟ ಇಲ್ಲ ಅನ್ನೋದು ಒಂದು ವಾದ ಆಗಲ್ಲ ಅಲ್ವಾ, ಹಾಗಾಗಿ ಗೊತ್ತಿರೋರು ನಿಜ ಹೇಳಿ, ಅವನು ಹೇಳಿದ್ದು ಸರಿ ಇದ್ರೂ ಹೇಳಿ.

---

ಗಾಳಿಲೆಕ್ಕ (ಮಾರ್ಚ್ 2)

ತುಂಬ ಒಳ್ಳೆ ಪ್ರಶ್ನೆ. ನಾನು ಕೆಲ ವರ್ಷ ಇಂಡೋನೇಷ್ಯಾದ ಕಾಲಿಮಂತಾನ್ ಕಡೆ ಜೌಗು ಕಾಡಿನ ಗಾಳಿ ಅಳೆಯೋ ಕೆಲಸ ಮಾಡಿದೀನಿ, ಈಗ ಊರಿಗೆ ವಾಪಸ್ ಬಂದಿದೀನಿ. ಸ್ವಲ್ಪ ಉದ್ದ ಆಗುತ್ತೆ, ಬೇಜಾರಾಗ್ಬೇಡಿ.

ಮೊದಲು ಗುಳ್ಳೆ ಯಾಕೆ ಬರುತ್ತೆ ನೋಡೋಣ. ಆಮ್ಲಜನಕ ಗಾಳಿಯಲ್ಲಿ ಹರಡೋದಕ್ಕೆ ಹೋಲಿಸಿದ್ರೆ ನೀರಲ್ಲಿ ಸುಮಾರು 10,000 ಪಟ್ಟು ನಿಧಾನ. ಮಣ್ಣಿನ ರಂಧ್ರ ಎಲ್ಲ ನೀರಿಂದ ತುಂಬಿದ್ರೆ ಒಳಗಿನ ಬ್ಯಾಕ್ಟೀರಿಯಾಗಳು ಇದ್ದ ಆಮ್ಲಜನಕ ಬೇಗ ಮುಗಿಸಿಬಿಡ್ತಾವೆ, ಆಮೇಲೆ ನೈಟ್ರೇಟು, ಕಬ್ಬಿಣ, ಸಲ್ಫೇಟು ಹೀಗೆ ಒಂದೊಂದೇ ಬಳಸ್ತಾ ಹೋಗಿ ಯಾವ್ದೂ ಉಳಿದಿಲ್ಲ ಅಂದಾಗ ಕೊನೆಗೆ ಬರೋರು ಮೀಥೇನ್ ಮಾಡೋ ಜೀವಿಗಳು. ಇದರ ಇನ್ನೊಂದು ಮುಖ ಏನಂದ್ರೆ ಆಮ್ಲಜನಕ ಇಲ್ಲದ ಕಡೆ ಉದುರಿದ ಎಲೆ, ಬೇರು, ಕಾಂಡ ಪೂರ್ತಿ ಕೊಳೆಯಲ್ಲ, ಹಾಗೇ ಕಪ್ಪಗೆ ಕೂತಿರುತ್ತೆ. ಅಂದ್ರೆ ಮೀಥೇನ್ ಬರೋದಕ್ಕೂ ಇಂಗಾಲ ಉಳಿಯೋದಕ್ಕೂ ಕಾರಣ ಒಂದೇ, ನೀರು. ಒಂದನ್ನ ನಿಲ್ಲಿಸೋಕೆ ಹೋದ್ರೆ ಇನ್ನೊಂದೂ ಕೈಬಿಟ್ಟು ಹೋಗುತ್ತೆ.

ನೀವು ಹೇಳಿದ ಆ ಮಂಡಿಬೇರು ಇದೆಯಲ್ಲ, ಅದು ಮರ ಉಸಿರಾಡೋಕೆ ಅಂತಲೇ ಮಾಡ್ಕೊಂಡಿರೋದು. ಜೌಗಿನ ಮರ ಮೇಲಿಂದ ಗಾಳಿ ಕೆಳಗಿಳಿಸೋ ದಾರಿಯಲ್ಲೇ ಕೆಳಗಿನ ಮೀಥೇನ್ ಮೇಲೂ ಬರುತ್ತೆ. ಇದು ಎಷ್ಟು ದೊಡ್ಡ ವಿಷಯ ಅಂತ ಬಹಳ ದಿನ ಯಾರ ಗಮನಕ್ಕೂ ಬಂದಿರ್ಲಿಲ್ಲ. 2017ರಲ್ಲಿ ಸುನಿತಾ ಪಂಗಾಲ ಮತ್ತವರ ತಂಡ ಅಮೆಜಾನಿನ ನೆರೆ ಬಯಲಲ್ಲಿ 2,300ಕ್ಕೂ ಹೆಚ್ಚು ಮರದ ಕಾಂಡಕ್ಕೆ ಡಬ್ಬಿ ಕಟ್ಟಿ ಅಳೆದು ನೋಡಿದ್ರು, ಆ ಪ್ರದೇಶದ ಮೇಲಿನ ಗಾಳಿಯಲ್ಲಿ ಕಾಣ್ತಿದ್ದ ಮೀಥೇನಿಗೂ ನೆಲದಲ್ಲಿ ಅಳೆದ ಮೀಥೇನಿಗೂ ಲೆಕ್ಕ ಕೂಡ್ತಾ ಇರ್ಲಿಲ್ಲ, ಕೊನೆಗೆ ನೋಡಿದ್ರೆ ಸುಮಾರು ಅರ್ಧದಷ್ಟು ಮರದ ಕಾಂಡದಿಂದಲೇ ಬರ್ತಿತ್ತು. ಹಾಗಾಗಿ ನಿಮ್ಮ ತಮ್ಮ ಹೇಳಿದ ಮೊದಲ ಅರ್ಧ ಪೂರ್ತಿ ಸರಿ. ಜಗತ್ತಿನ ಮೀಥೇನಿನ ಅತಿ ದೊಡ್ಡ ನೈಸರ್ಗಿಕ ಮೂಲ ಜೌಗು ಪ್ರದೇಶಗಳೇ, ಅದರಲ್ಲೂ ದೊಡ್ಡ ಪಾಲು ಉಷ್ಣವಲಯದ್ದು.

ಇನ್ನು "ಎಷ್ಟೋ ಪಟ್ಟು ಕೆಟ್ಟದ್ದು" ಅನ್ನೋದು. ಒಂದು ಕೆಜಿ ಮೀಥೇನ್ ಒಂದು ಕೆಜಿ ಡೈಆಕ್ಸೈಡಿಗಿಂತ 100 ವರ್ಷದ ಲೆಕ್ಕದಲ್ಲಿ ಸುಮಾರು 27 ಪಟ್ಟು, 20 ವರ್ಷದ ಲೆಕ್ಕದಲ್ಲಿ ಸುಮಾರು 80 ಪಟ್ಟು ಬಿಸಿ ಹಿಡಿಯುತ್ತೆ. ಆದ್ರೆ ಅದು ಗಾಳಿಯಲ್ಲಿ ಇರೋದು ಹತ್ತು ಹನ್ನೆರಡು ವರ್ಷ ಅಷ್ಟೇ, ಆಮೇಲೆ ಒಡೆದು ಹೋಗುತ್ತೆ. ನಿಮ್ಮ ಜಡ್ಡಿ ನಿಮ್ಮ ಮುತ್ತಜ್ಜನ ಕಾಲದಿಂದ, ಅದಕ್ಕೂ ಎಷ್ಟೋ ಹಿಂದಿನಿಂದ ಹೀಗೇ ಗುಳ್ಳೆ ಬಿಡ್ತಾ ಇದೆ, ಇವತ್ತು ಬಿಟ್ಟಷ್ಟೇ ಹಳೇದು ಅಲ್ಲಿ ಮೇಲೆ ಒಡೆದು ಹೋಗ್ತಾ ಇದೆ, ಹಾಗಾಗಿ ಗಾಳಿಯಲ್ಲಿ ಅದರ ಪಾಲು ಏರ್ತಾ ಇಲ್ಲ. ಕಾಲುವೆ ತೆಗೆದ ಮೇಲೆ ಹೊರಗೆ ಹೋಗೋ ಇಂಗಾಲ ಹಾಗಲ್ಲ, ಅದು ಶತಮಾನಗಟ್ಟಲೆ ಕೂಡಿಟ್ಟದ್ದು, ಡೈಆಕ್ಸೈಡ್ ಆಗಿ ಹೋದ್ರೆ ಅದರಲ್ಲಿ ಒಂದು ಪಾಲು ನೂರಾರು ವರ್ಷ ಗಾಳಿಯಲ್ಲೇ ಉಳಿಯುತ್ತೆ.

ನಾನು ಕಣ್ಣಾರೆ ನೋಡಿದ್ದು ಹೇಳ್ತೀನಿ. ಮಧ್ಯ ಕಾಲಿಮಂತಾನಲ್ಲಿ 1990ರ ದಶಕದ ನಡುವಲ್ಲಿ ಅಲ್ಲಿನ ಸರ್ಕಾರ 10 ಲಕ್ಷ ಹೆಕ್ಟೇರ್ ಜೌಗು ಕಾಡನ್ನ ಭತ್ತದ ಗದ್ದೆ ಮಾಡ್ತೀವಿ ಅಂತ ಹೊರಟಿತ್ತು, 4,000 ಕಿಮೀಗೂ ಹೆಚ್ಚು ಕಾಲುವೆ ಅಗೆದ್ರು. ಭತ್ತ ಬರ್ಲಿಲ್ಲ, ಕೆಲವೇ ವರ್ಷಕ್ಕೆ ಯೋಜನೆ ಕೈಬಿಟ್ರು, ಕಾಲುವೆ ಮಾತ್ರ ಹಾಗೇ ಉಳೀತು. 1997ರ ಎಲ್ ನಿನೋ ಬರಕ್ಕೆ ಒಣಗಿದ ನೆಲಕ್ಕೇ ಬೆಂಕಿ ಬಿತ್ತು, ಮರಕ್ಕಲ್ಲ ಮಣ್ಣಿಗೆ, ತಿಂಗಳುಗಟ್ಟಲೆ ನೆಲದೊಳಗೇ ಉರೀತಾ ಇತ್ತು. ಆ ಒಂದು ವರ್ಷ ಇಂಡೋನೇಷ್ಯಾದ ಜೌಗು ಮಣ್ಣು ಮತ್ತು ಕಾಡಿಂದ 0.81ರಿಂದ 2.57 ಶತಕೋಟಿ ಟನ್ ಇಂಗಾಲ ಹೋಯ್ತು ಅಂತ ಅಂದಾಜು, ಅಂದ್ರೆ ಇಡೀ ಜಗತ್ತು ಆ ವರ್ಷ ಕಲ್ಲಿದ್ದಲು ಪೆಟ್ರೋಲು ಸುಟ್ಟು ಬಿಟ್ಟದ್ದರ 13ರಿಂದ 40 ಪರ್ಸೆಂಟ್.

ಅಲ್ಲಿ ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ತಕಾಶಿ ಹಿರಾನೊ ಅವರ ತಂಡ ಮೂರು ಕಡೆ ಗೋಪುರ ನಿಲ್ಲಿಸಿ ವರ್ಷಗಟ್ಟಲೆ ಅಳೆದಿದೆ. ಬಸಿಯದ ಕಾಡಿಂದ ಒಂದು ಚದರ ಮೀಟರಿಗೆ ವರ್ಷಕ್ಕೆ 174 ಗ್ರಾಂ ಇಂಗಾಲ ಹೊರಗೆ, ಬಸಿದ ಕಾಡಿಂದ 328, ಬಸಿದು ಸುಟ್ಟ ಜಾಗದಿಂದ 499. ಮೊದಲನೇ ಅಂಕಿ ನೋಡಿ, ಬಸಿಯದೇ ಇದ್ದ ಕಾಡು ಕೂಡ ಸರಾಸರಿಯಲ್ಲಿ ಹೀರ್ತಾ ಇರ್ಲಿಲ್ಲ, ಅಲ್ಲಿ ವರ್ಷದಿಂದ ವರ್ಷಕ್ಕೆ ಏರಿಳಿತ ಬಹಳ, ಬರಗಾಲದ ವರ್ಷ ನೀರಿನ ಮಟ್ಟ ಕೆಳಗಿಳಿದಾಗ ಬಿಡುತ್ತೆ. ಹಾಗಾಗಿ "ಜೌಗು ಯಾವಾಗ್ಲೂ ಇಂಗಾಲ ಹೀರುತ್ತೆ" ಅಂತ ಬರೀ ಹೊಗಳೋದೂ ಸರಿಯಲ್ಲ. ನೀರಿನ ಮಟ್ಟ ಎಲ್ಲಿದೆ ಅನ್ನೋದರ ಮೇಲೆ ಎಲ್ಲ ನಿಂತಿದೆ.

ಗೋಪುರದಲ್ಲಿ ಹೇಗೆ ಅಳೀತಾರೆ ಅಂದ್ರೆ ಕಾಡಿನ ತಲೆ ಮೇಲೆ ಗಾಳಿ ಸುಳಿಸುಳಿಯಾಗಿ ಮೇಲೆ ಕೆಳಗೆ ಹೋಗ್ತಾ ಇರುತ್ತೆ, ಒಂದು ಯಂತ್ರ ಸೆಕೆಂಡಿಗೆ 10-20 ಸಲ ಆ ಸುಳಿಯ ವೇಗ ನೋಡುತ್ತೆ, ಇನ್ನೊಂದು ಅದೇ ಕ್ಷಣದಲ್ಲಿ ಅದರಲ್ಲಿ ಎಷ್ಟು ಡೈಆಕ್ಸೈಡ್, ಎಷ್ಟು ನೀರಾವಿ ಇದೆ ಅಂತ ನೋಡುತ್ತೆ. ಕೆಳಗೆ ಬರೋ ಸುಳಿಯಲ್ಲಿ ಡೈಆಕ್ಸೈಡ್ ಜಾಸ್ತಿ, ಮೇಲೆ ಹೋಗೋದ್ರಲ್ಲಿ ಕಮ್ಮಿ ಇದ್ರೆ ಕಾಡು ತಿಂತಾ ಇದೆ ಅಂತ. ಅರ್ಧ ಗಂಟೆಗೊಂದು ಲೆಕ್ಕ ಬರುತ್ತೆ. ನೀರು ಮತ್ತು ಇಂಗಾಲ ಎರಡನ್ನೂ ಒಟ್ಟಿಗೇ ಅಳೆಯೋಕೆ ಕಾರಣ ಇದೆ, ಎಲೆಯ ಬಾಯಿ ಒಂದೇ, ಡೈಆಕ್ಸೈಡಿನ ಒಂದು ಕಣ ಒಳಗೆ ತಗೊಳ್ಳೋಕೆ ಬಾಯಿ ತೆಗೆದ್ರೆ ನೀರಿನ ನೂರಾರು ಕಣ ಹೊರಗೆ ಹೋಗಿಬಿಡುತ್ತೆ. ನಮ್ಮ ದೇಶದಲ್ಲಿ ಪಿಚಾವರಂ, ಸುಂದರಬನದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಲ್ಲಿ ಇಂಥ ಗೋಪುರ ಇದಾವೆ. ಘಟ್ಟದ ಸಂದಿಯಲ್ಲಿ ಇದನ್ನ ಮಾಡೋದು ಕಷ್ಟ, ರಾತ್ರಿ ತಣ್ಣನೆ ಗಾಳಿ ಇಳಿಜಾರಿಗೆ ನೀರಿನ ಹಾಗೆ ಹರಿದು ಹೋಗುತ್ತೆ, ಯಂತ್ರದ ಕಣ್ಣಿಗೇ ಬೀಳಲ್ಲ.

ನೀರಿನ ಪ್ರಶ್ನೆ ನನಗಿಂತ ಚೆನ್ನಾಗಿ ಹೇಳೋರು ಇಲ್ಲಿದಾರೆ.

---

ಲೆಕ್ಕಬೇಕು (ಮಾರ್ಚ್ 3)

ಒಂದು ತಕರಾರು ಇದೆ. ಕಾಲಿಮಂತಾನ್ ಜೌಗಲ್ಲಿ ಮೀಟರುಗಟ್ಟಲೆ ಆಳ ಬರೀ ಕೊಳೆಯದ ಸಸ್ಯ, ಕಾಂಗೋದಲ್ಲೂ ಹಾಗೇ. ಸಿದ್ದಾಪುರದ ಜಡ್ಡಿ ಅಂದ್ರೆ ಮೆಕ್ಕಲು ಮಣ್ಣು, ಮರಳು, ಮೇಲೊಂದಿಷ್ಟು ಕಪ್ಪು ಗೊಬ್ಬರದ ಹಾಗಿನ ಪದರ. ಅಲ್ಲಿನ ಅಂಕಿ ತಂದು ಇಲ್ಲಿ ಹಚ್ಚಿದ್ರೆ ಹೇಗೆ? ಮಣ್ಣಲ್ಲಿ ಇಂಗಾಲ ಕಮ್ಮಿ ಇದ್ರೆ ಬಸಿದಾಗ ಹೋಗೋದೂ ಕಮ್ಮಿ, ಮೀಥೇನ್ ನಿಲ್ಲೋದು ಮಾತ್ರ ತಕ್ಷಣ, ಮೊದಲ 20-30 ವರ್ಷದ ಲೆಕ್ಕದಲ್ಲಿ ತಮ್ಮನೇ ಗೆಲ್ಲಬಹುದು.

---

ಗಾಳಿಲೆಕ್ಕ (ಮಾರ್ಚ್ 3)

ಸರಿಯಾದ ತಕರಾರು, ಒಪ್ತೀನಿ. ಕಾಂಗೋ ನಡುವಿನ ಜೌಗು 2017ರಲ್ಲಿ ಮೊದಲ ಸಲ ಸರಿಯಾಗಿ ನಕ್ಷೆ ಮಾಡಿದಾಗ 1,45,500 ಚದರ ಕಿಮೀ, 30 ಶತಕೋಟಿ ಟನ್ ಹತ್ತಿರ ಇಂಗಾಲ ಅಂತ ಬಂತು, ಅದೆಲ್ಲ 10,000 ವರ್ಷಕ್ಕೂ ಹಿಂದಿಂದ ಕೂಡ್ತಾ ಬಂದದ್ದು, ಅದಕ್ಕೂ ಒಂದೆಕರೆ ಜಡ್ಡಿಗೂ ಹೋಲಿಕೆ ಇಲ್ಲ. ಆದ್ರೆ ಕಾಂಗೋದಲ್ಲೇ ಇನ್ನೊಂದು ಪಾಠ ಇದೆ. ಅಲ್ಲಿ ಸುಮಾರು 5,000 ವರ್ಷದ ಹಿಂದೆ ಮಳೆ ಕಮ್ಮಿಯಾಗ್ತಾ ಬಂತು, 2,000 ವರ್ಷದ ಹಿಂದಿನ ತನಕ ಹಾಗೇ ಒಣಗ್ತಾ ಹೋಯ್ತು, ಆಗ ನೀರಿನ ಮಟ್ಟ ಇಳಿದು ಅದಕ್ಕೂ ಮುಂಚೆ ಸಾವಿರಾರು ವರ್ಷ ಕೂಡಿಟ್ಟ ಪದರವೇ ಕರಗಿ ಹೋಗಿದೆ, ಮಣ್ಣು ಕೊರೆದು ನೋಡಿದ್ರೆ ಆ ಕಾಲದ ಪದರ ಬಹಳ ತೆಳು. ಮನುಷ್ಯ ಕಾಲುವೆ ತೆಗೀಲಿಲ್ಲ, ಬರೀ ಮಳೆ ಕಮ್ಮಿಯಾದದ್ದಕ್ಕೆ ಅಷ್ಟು.

ನಿಮ್ಮ ಲೆಕ್ಕದಲ್ಲಿ ಎರಡು ಬಿಟ್ಟುಹೋಗಿದೆ. ಒಂದು, ಜಡ್ಡಿ ಬಸಿದ್ರೆ ಮಣ್ಣಿನ ಇಂಗಾಲ ಮಾತ್ರ ಅಲ್ಲ ಮರಗಳೂ ಹೋಗ್ತಾವೆ, ಅಷ್ಟು ದಪ್ಪ ಕಾಂಡದ ಇಂಗಾಲ ಅಡಿಕೆ ಮರದಲ್ಲಿ ಎಂದೂ ತುಂಬಲ್ಲ. ಎರಡು, ಕಾಲುವೆ ತೆಗೆದ ಕೂಡ್ಲೇ ಮೀಥೇನ್ ಸೊನ್ನೆ ಆಗಲ್ಲ, ಬಯಲಲ್ಲಿ ನಿಂತು ಹೋಗುತ್ತೆ ಸರಿ, ಆದ್ರೆ ಕಾಲುವೆಯ ತಳದಲ್ಲಿ ಕೆಸರು, ಎಲೆ, ನಿಂತ ನೀರು ಸೇರಿ ಅಲ್ಲಿಂದಲೇ ಜೋರಾಗಿ ಬರೋಕೆ ಶುರುವಾಗುತ್ತೆ, ವಿಶ್ವಸಂಸ್ಥೆಯ ಹವಾಮಾನ ಸಮಿತಿ 2013ರಲ್ಲಿ ಜೌಗಿನ ಲೆಕ್ಕ ಹಾಕೋ ಕ್ರಮ ಬರೆದಾಗ ಬಸಿಗಾಲುವೆಯ ಮೀಥೇನಿಗೆ ಬೇರೆ ಲೆಕ್ಕವನ್ನೇ ಇಟ್ಟಿದೆ.

ಇನ್ನೊಂದು ಮಾತು. 2020, 2021ರಲ್ಲಿ ಗಾಳಿಯ ಮೀಥೇನ್ ದಾಖಲೆ ಮಟ್ಟದಲ್ಲಿ ಏರಿತು, ಅದರಲ್ಲಿ ಉಷ್ಣವಲಯದ ಜೌಗುಗಳ ಪಾಲು, ಮುಖ್ಯವಾಗಿ ಆಫ್ರಿಕಾದ್ದು, ದೊಡ್ಡದು ಅಂತ ಅಧ್ಯಯನಗಳು ಹೇಳ್ತಾವೆ. ಅಲ್ಲಿ ಮಳೆ ಜಾಸ್ತಿಯಾಗಿ ನೀರು ಹೊಸ ಜಾಗಕ್ಕೆ ಹರಡಿದ್ದು, ಬಿಸಿ ಏರಿದ್ದು ಕಾರಣ. ಇದನ್ನ ನಾನು ಮುಚ್ಚಿಡಲ್ಲ, ಇದು ನನ್ನನ್ನ ನಿಜವಾಗ್ಲೂ ಚಿಂತೆಗೆ ಹಚ್ಚೋ ವಿಷಯ. ಆದ್ರೆ ಅದಕ್ಕೆ ಮದ್ದು ಜಡ್ಡಿ ಬಸಿಯೋದಲ್ಲ, ನೆಲದಡಿಯಿಂದ ತೆಗೆದ ಎಣ್ಣೆ ಗ್ಯಾಸು ಸುಡೋದು ಕಮ್ಮಿ ಮಾಡೋದು, ಗ್ಯಾಸ್ ಪೈಪಿನ ಸೋರಿಕೆ ಕಟ್ಟೋದು.

---

ಹಳ್ಳಮಾಪಕ (ಮಾರ್ಚ್ 3)

ನೀರಿನ ಪ್ರಶ್ನೆಗೆ ಬರ್ತೀನಿ. ಇಲ್ಲಿ ಎಲ್ರೂ "ಜೌಗು ಅಂದ್ರೆ ಸ್ಪಂಜು, ಮಳೇಲಿ ಹೀರಿ ಬೇಸಿಗೇಲಿ ಬಿಡುತ್ತೆ" ಅಂತ ಹೇಳೋಕೆ ಕಾಯ್ತಾ ಇರ್ತಾರೆ ಅಂತ ಗೊತ್ತು, ಆದ್ರೆ ನಾನು ಮೊದಲು ತಮ್ಮನ ಪರವಾಗೇ ಮಾತಾಡ್ತೀನಿ. 2003ರಲ್ಲಿ ಬುಲಕ್ ಮತ್ತು ಆಕ್ರಿಮನ್ ಅನ್ನೋ ಇಬ್ಬರು ಜಗತ್ತಿನಾದ್ಯಂತ ಆದ 169 ಅಧ್ಯಯನ ಒಟ್ಟುಹಾಕಿ ನೋಡಿದ್ರು, ಮೂರರಲ್ಲಿ ಎರಡು ಪಾಲು ಅಧ್ಯಯನಗಳಲ್ಲಿ ಜೌಗು ಬೇರೆ ಜಾಗಕ್ಕಿಂತ ಹೆಚ್ಚು ನೀರು ಗಾಳಿಗೆ ಬಿಡುತ್ತೆ ಅಥವಾ ಬೇಸಿಗೆಯ ಹರಿವನ್ನ ಕಮ್ಮಿ ಮಾಡುತ್ತೆ ಅಂತಲೇ ಬಂದಿದೆ. ಈಗಿನ ದಕ್ಷಿಣ ಸೂಡಾನಿನ ಸುಡ್ ಜೌಗಿಗೆ ಬಂದ ನೈಲ್ ನೀರಲ್ಲಿ ಅರ್ಧದಷ್ಟು ಅಲ್ಲೇ ಆವಿಯಾಗಿ ಹೋಗುತ್ತೆ. ಆ ನೀರು ಉಳಿಸ್ತೀವಿ ಅಂತ 1978ರಲ್ಲಿ 360 ಕಿಮೀ ಉದ್ದದ ಜೋಂಗ್ಲೈ ಕಾಲುವೆ ಅಗೆಯೋಕೆ ಶುರು ಮಾಡಿ, ಯುದ್ಧ ಬಂದು 1984ರ ಹೊತ್ತಿಗೆ ನಿಂತು ಹೋಯ್ತು. ನಿಮ್ಮ ತಮ್ಮನ ವಾದ ದೊಡ್ಡ ದೊಡ್ಡ ಇಂಜಿನಿಯರುಗಳೇ ಮಾಡಿದ ವಾದ, ಅದಕ್ಕೇ ಅದನ್ನ ಸುಮ್ಮನೆ ತಳ್ಳಿಹಾಕ್ಬಾರ್ದು.

ಈಗ ನಿಮ್ಮ ಎಕರೆ ಲೆಕ್ಕ ಮಾಡೋಣ. ನೀರಿಗೆ ಕೊರತೆ ಇಲ್ಲದ ಉಷ್ಣವಲಯದ ಕಾಡು ದಿನಕ್ಕೆ 4 ಮಿಮೀ ಹತ್ತಿರ ನೀರು ಗಾಳಿಗೆ ಬಿಡುತ್ತೆ ಅಂತಿಟ್ಕೊಳ್ಳಿ. ಎಕರೆಗೆ 4,047 ಚದರ ಮೀಟರ್, ಅಂದ್ರೆ ದಿನಕ್ಕೆ 16,000 ಲೀಟರ್. ಸಣ್ಣದಲ್ಲ. ಈಗ ಅದೇ ಎಕರೇಲಿ 9 ಅಡಿ ಅಂತರಕ್ಕೆ 550 ಅಡಿಕೆ ಮರ ಇಟ್ರೆ ಬೇಸಿಗೇಲಿ ಡ್ರಿಪ್ಪಲ್ಲೇ ಒಂದು ಮರಕ್ಕೆ ದಿನಕ್ಕೆ 16-20 ಲೀಟರ್ ಅಂತ ಶಿಫಾರಸು, ಒಟ್ಟು 9,000ರಿಂದ 11,000 ಲೀಟರ್, ಅದನ್ನ ತರೋದು ಇದೇ ಹಳ್ಳದಿಂದ. ಇದು ನೀವು ಹಾಕೋ ನೀರು ಅಷ್ಟೇ, ಅಡಿಕೆ ಬೇರು ತಾನೇ ನೆಲದಿಂದ ಎಳ್ಕೊಳ್ಳೋದು, ಕಾಲುವೆ ಮುಖದಿಂದ ಆರೋದು ಬೇರೆ. ಅಂದ್ರೆ "ಉಳಿಯೋ" ನೀರಲ್ಲಿ ಬಹುಪಾಲು ಹೊಸ ತೋಟವೇ ಕುಡಿಯುತ್ತೆ. ಕಾಡು ತೆಗೆದು ಖಾಲಿ ಬಿಟ್ರೆ ಮಾತ್ರ ಹಳ್ಳಕ್ಕೆ ನೀರು ಜಾಸ್ತಿ ಬರೋ ಮಾತು, ಅವನು ಖಾಲಿ ಬಿಡಲ್ಲವಲ್ಲ.

ಆಮೇಲೆ ಜಡ್ಡಿ ಇರೋ ಜಾಗ ನೋಡಿ. ಎರಡು ಗುಡ್ಡದ ಸಂದಿ, ಮೇಲಿಂದ ಒರತೆ ಬಂದು ಅಲ್ಲಿ ಹೊರಗೆ ಕಾಣಿಸ್ಕೊಳ್ಳುತ್ತೆ. ಘಟ್ಟದ ಅಂಚಲ್ಲಿ 3,000 ಮಿಮೀ ಮೇಲೆ ಮಳೆ, ಅದೂ ನಾಲ್ಕು ತಿಂಗಳಲ್ಲಿ ಸುರಿದು ಹೋಗುತ್ತೆ, ಹಾಗಾಗಿ ನಿಮಗೆ ಬೇಕಾಗಿರೋದು ನೀರಿನ ಒಟ್ಟು ಪ್ರಮಾಣ ಅಲ್ಲ, ಸಮಯ. ಒಂದು ಮೀಟರ್ ಕಾಲುವೆ ತೆಗೆದ್ರೆ ಜಡ್ಡಿಯ ನೀರಿನ ಮಟ್ಟ ಮಾತ್ರ ಇಳಿಯಲ್ಲ, ಅದರ ಎರಡೂ ಬದಿಯ ಗುಡ್ಡದ ಬುಡದ ನೀರಿಗೂ ಇಳಿಜಾರು ಜಾಸ್ತಿಯಾಗುತ್ತೆ, ಕಾರ್ತೀಕ ಮಾರ್ಗಶಿರದಲ್ಲಿ ಹಳ್ಳ ಚೆನ್ನಾಗಿ ಹರಿಯುತ್ತೆ, ಎಲ್ರೂ ಖುಷಿಯಾಗ್ತಾರೆ, ಚೈತ್ರದ ಹೊತ್ತಿಗೆ ಕೊಡೋಕೆ ಅಲ್ಲಿ ಏನೂ ಉಳಿದಿರಲ್ಲ. ಉತ್ತರ ಕನ್ನಡದ ಹಳ್ಳಗಳ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ ಕೆಲಸದಲ್ಲೂ ಇಲ್ಲಿನ ಸ್ಥಳೀಯ ಜಾತಿ ಮರಗಳ ದಟ್ಟ ಕಾಡು ಇರೋ ಕಡೆ ಹಳ್ಳ ವರ್ಷಪೂರ್ತಿ ಹರಿಯುತ್ತೆ, ನೆಡುತೋಪು ಮತ್ತು ಬಯಲಾದ ಕಡೆ ಕೆಲವೇ ತಿಂಗಳು ಅಂತ ಬಂದಿದೆ.

ಇನ್ನೊಂದು, ಆ 16,000 ಲೀಟರ್ ಆವಿಯಾಗೋಕೆ ಬೇಕಾಗೋ ಬಿಸಿ ಲೆಕ್ಕ ಹಾಕಿದ್ರೆ ಸುಮಾರು 11,000 ಯುನಿಟ್ ಕರೆಂಟಿಗೆ ಸಮ, ಒಂದು ದಿನಕ್ಕೆ, ಒಂದು ಎಕರೆಗೆ. ಸೂರ್ಯನ ಅಷ್ಟು ಬಿಸಿ ಅಲ್ಲಿ ನೀರು ಎತ್ತೋಕೆ ಖರ್ಚಾಗುತ್ತೆ, ಅದಕ್ಕೇ ಏಪ್ರಿಲ್ಲಲ್ಲಿ ಜಡ್ಡಿ ಒಳಗೆ ಹೋದ್ರೆ ಮೈ ತಣ್ಣಗಾಗೋದು. ಬಸಿದ್ರೆ ಅದರಲ್ಲಿ ಒಂದು ಪಾಲು ನಿಮ್ಮ ತೋಟದ ಗಾಳಿ ಬಿಸಿ ಮಾಡುತ್ತೆ.

ನಂಬಬೇಡಿ, ನೀವೇ ಅಳೀರಿ. ಒಂದು ಹಲಗೆಗೆ 90 ಡಿಗ್ರಿಯ ವಿ ಆಕಾರದ ಕಚ್ಚು ಹಾಕಿ ಹಳ್ಳಕ್ಕೆ ಅಡ್ಡ ಹುಗಿದು ಸಂದಿಯೆಲ್ಲ ಜೇಡಿಮಣ್ಣಲ್ಲಿ ಮುಚ್ಚಿ, ಎಲ್ಲ ನೀರೂ ಕಚ್ಚಿಂದಲೇ ಬೀಳ್ಬೇಕು. ಹಲಗೆಯಿಂದ ಒಂದು ಮಾರು ಹಿಂದೆ ಕಚ್ಚಿನ ತಳದಿಂದ ನೀರು ಎಷ್ಟು ಎತ್ತರ ಇದೆ ಅಂತ ಸ್ಕೇಲ್ ಇಟ್ಟು ನೋಡಿ. 10 ಸೆಂಮೀ ಇದ್ರೆ ಸೆಕೆಂಡಿಗೆ ಸುಮಾರು 4.4 ಲೀಟರ್, 6 ಸೆಂಮೀ ಇದ್ರೆ 1.2, 5 ಇದ್ರೆ 0.77. ಬೆಳಿಗ್ಗೆ 6ಕ್ಕೆ ಒಂದ್ಸಲ, ಸಂಜೆ 5ಕ್ಕೆ ಒಂದ್ಸಲ ಬರ್ಕೊಳ್ಳಿ.

---

ತೋಟದಕೆಲಸ (ಮಾರ್ಚ್ 4)

ಸಾಗರದ ಕಡೆಯವನು. ನಮ್ಮನೇಲಿ ಇದು ಆಗಿಹೋಗಿದೆ ಅದಕ್ಕೆ ಬರೀತಿದೀನಿ. ನಮ್ಮ ಅಜ್ಜ ಇದೇ ತರ ಹಳ್ಳದ ತಲೇಲಿದ್ದ ಜೌಗಿಗೆ ಬಸಿಗಾಲುವೆ ಹೊಡೆದು ತೋಟ ಮಾಡಿದ್ರು, ಆಗ ಅಕ್ಕಿಗೂ ಕಷ್ಟ ಇದ್ದ ಕಾಲ, ಅವರನ್ನ ನಾನು ದೂರಲ್ಲ. ಮೊದಲ ಕೆಲ ವರ್ಷ ಫಸಲು ಭರ್ಜರಿ, ಗೊಬ್ಬರ ಹಾಕೋದೇ ಬೇಡ ಅನ್ನೋ ಹಾಗೆ. ಅದು ಯಾಕೆ ಅಂತ ಈಗ ಮೇಲಿನ ಉತ್ತರ ಓದಿದ ಮೇಲೆ ತಿಳೀತು, ಕೂಡಿಟ್ಟಿದ್ದ ಎಲೆಮಣ್ಣು ಗಾಳಿ ತಾಗಿ ಕರಗ್ತಾ ಇತ್ತು, ಅದನ್ನೇ ಮರ ತಿಂತಾ ಇತ್ತು. ಆಮೇಲೆ ನೆಲ ಕೂತ್ಕೊಳ್ತಾ ಬಂತು, ಮರದ ಬುಡದ ಬೇರು ಒಂದು ಗೇಣು ಹೊರಗೆ ಬಂತು, ನೆಲ ಕೂತ ಹಾಗೆ ಮಳೇಲಿ ಮತ್ತೆ ನೀರು ನಿಲ್ಲೋಕೆ ಶುರು, ಮತ್ತೆ ಕಾಲುವೆ ಆಳ ಮಾಡೋದು, ಮತ್ತೆ ಕೂರೋದು. ಎರಡು ತಲೆಮಾರು ಇದೇ ಕೆಲಸ. ಈಗ ಕಾಲುವೆ ನನ್ನ ಎದೆಮಟ್ಟ ಇದೆ, ಬೇಸಿಗೇಲಿ ಹಳ್ಳ ಶಿವರಾತ್ರಿಗೇ ನಿಲ್ಲುತ್ತೆ, ಬೋರ್ ಹಾಕಿಸಿದೀವಿ.

ನಿಮ್ಮ ತಮ್ಮನಿಗೆ ಬೇಕಾದ್ರೆ ನಮ್ಮಲ್ಲಿಗೆ ಬರೋಕೆ ಹೇಳಿ, ಊಟಕ್ಕೇ ಬರ್ಲಿ, ತೋಟ ತೋರಿಸ್ತೀನಿ.

---

ಗಜನಿಮಗಳು (ಮಾರ್ಚ್ 4)

ಕುಮಟಾ ಕಡೆಯಿಂದ, ಅಘನಾಶಿನಿ ಅಳಿವೆ ಪಕ್ಕ. ನಿಮ್ಮ ಜಡ್ಡಿಯ ಹಳ್ಳ ಕೊನೆಗೆ ನಮ್ಮಲ್ಲಿಗೇ ಬರುತ್ತೋ ಏನೋ! ನಮ್ಮದೂ ಜೌಗೇ, ಆದ್ರೆ ಉಪ್ಪುನೀರಿಂದು, ಅದಕ್ಕೆ ಲೆಕ್ಕ ಬೇರೆ ಅಂತ ಹೇಳೋಣ ಅನ್ನಿಸ್ತು. ಸಮುದ್ರದ ನೀರಲ್ಲಿ ಸಲ್ಫೇಟ್ ತುಂಬ ಇರುತ್ತೆ, ಗಾಳಿಲೆಕ್ಕ ಅವರು ಹೇಳಿದ ಸಾಲಲ್ಲಿ ಸಲ್ಫೇಟ್ ತಿನ್ನೋರು ಮೀಥೇನ್ ಮಾಡೋರಿಗಿಂತ ಮುಂದೆ ನಿಂತಿರ್ತಾರೆ, ಅವರೇ ಊಟ ಮುಗಿಸಿಬಿಡ್ತಾರೆ. ಹಾಗಾಗಿ ಉಪ್ಪು ಜಾಸ್ತಿ ಇರೋ ಕಾಂಡ್ಲಾ ಕಾಡಲ್ಲಿ, ಗಜನಿಯಲ್ಲಿ (ಅಳಿವೆ ಬದಿಯ ಉಪ್ಪುನೀರಿನ ಗದ್ದೆ) ಮೀಥೇನ್ ಸಿಹಿನೀರಿನ ಜೌಗಿಗಿಂತ ಬಹಳ ಕಮ್ಮಿ, ಇಂಗಾಲ ಮಾತ್ರ ಕೂಡ್ತಾ ಹೋಗುತ್ತೆ. ಇಳಿತದ ಹೊತ್ತಲ್ಲಿ ಬರೋ ಕೊಳೆತ ಮೊಟ್ಟೆ ವಾಸನೆ ಅದೇ ಸಲ್ಫೇಟ್ ತಿಂದೋರದ್ದು. ಚಿಕ್ಕೋಳಿದ್ದಾಗ ಮೂಗು ಮುಚ್ಕೊಳ್ತಿದ್ವಿ, ಈಗ ಆ ವಾಸನೆ ಬಂದ್ರೆ ಊರಿಗೆ ಬಂದೆ ಅನ್ಸುತ್ತೆ.

ಆದ್ರೆ ಇಲ್ಲೂ ಬಸಿದ್ರೆ ಕೆಟ್ಟದ್ದೇ. ಕೇರಳದ ಕುಟ್ಟನಾಡಲ್ಲಿ ಕರಿ ಮಣ್ಣು ಅಂತ ಇದೆ, ನೀರಿನಡಿ ಇದ್ದಾಗ ಸುಮ್ಮನಿದ್ದ ಕಬ್ಬಿಣದ ಸಲ್ಫೈಡ್ ಗಾಳಿ ತಾಗಿದ ಕೂಡ್ಲೇ ಗಂಧಕಾಮ್ಲ ಆಗುತ್ತೆ, ಭತ್ತದ ಬೇರು ಸುಟ್ಟ ಹಾಗಾಗುತ್ತೆ. ನಮ್ಮ ಹಿರಿಯರು ಗಜನೀಲಿ ನೀರು ಪೂರ್ತಿ ತೆಗೀದೆ ಉಪ್ಪು ತಡೆಯೋ ಕಗ್ಗ ಭತ್ತ ಬೆಳೀತಿದ್ರು, ನೀರಿನ ಜೊತೆ ಜಗಳ ಆಡದ ಬೇಸಾಯ ಅದು, ಈಗ ಅದು ಕಮ್ಮಿಯಾಗ್ತಿದೆ ಅಂತ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ (ಜಗತ್ತಿನ ಮುಖ್ಯ ಜೌಗುಗಳ ಪಟ್ಟಿ) ಸೇರಿತು, ಒಳ್ಳೇದೇ, ಆದ್ರೆ ಅಳಿವೆಗೆ ಸಿಹಿನೀರು ಬರೋದು ಮೇಲಿನ ನಿಮ್ಮಂಥ ಸಾವಿರ ಸಂದಿಗಳಿಂದ, ಅವಕ್ಕೆ ಬೋರ್ಡೂ ಇಲ್ಲ ಹೆಸರೂ ಇಲ್ಲ.

---

ಸೊಪ್ಪಿನಬೆಟ್ಟ (ಮಾರ್ಚ್ 5)

ವಿಜ್ಞಾನ ಎಲ್ಲ ಸರಿ, ಮೊದಲು ಆ ಜಾಗ ಯಾವುದು ನೋಡಿ. ಮಾಲ್ಕಿಯೋ (ಸ್ವಂತ ಜಮೀನು) ಸೊಪ್ಪಿನ ಬೆಟ್ಟವೋ? ಬೆಟ್ಟ ಆದ್ರೆ ಅದು ಅರಣ್ಯ ಭೂಮಿ, ನಿಮಗಿರೋದು ಸೊಪ್ಪು, ದರಕು (ಒಣ ಎಲೆ) ತಗೊಳ್ಳೋ ಸವಲತ್ತು ಅಷ್ಟೇ, ಕಾಲುವೆ ತೆಗ್ದು ಮರ ಕಡಿದು ಅಡಿಕೆ ಇಡೋ ಹಾಗಿಲ್ಲ. ಪಹಣಿ ತೆಗೆಸಿ. ಮತ್ತೆ ಸಿದ್ದಾಪುರದ ಕತ್ತಲೆಕಾನಿನ ಜೌಗಲ್ಲಿ ಒಂದು ಗೇರು ಜಾತಿಯ ಮರ ಇದೆ, ಅದಕ್ಕೆ ಕತ್ತಲೆಕಾನಿನ ಹೆಸರೇ ಇಟ್ಟಿದಾರೆ, ಜಗತ್ತಲ್ಲೇ ಬಹಳ ಅಪರೂಪದ ಮರ. ನಿಮ್ಮ ಜಡ್ಡೀಲಿ ಏನೇನಿದೆ ಅಂತ ಶಿರಸಿ ಅರಣ್ಯ ಕಾಲೇಜಿನವರಿಗೆ ಒಂದ್ಸಲ ತೋರಿಸಿ.

---

ಜಡ್ಡಿಬದಿ (ಮಾರ್ಚ್ 19)

ತಡವಾಗಿದ್ದಕ್ಕೆ ಕ್ಷಮಿಸಿ. ಪಹಣಿ ತೆಗೆಸಿದ್ವಿ, ಮುಕ್ಕಾಲು ಪಾಲು ಬೆಟ್ಟದಲ್ಲೇ ಬರುತ್ತೆ, ಕಾಲು ಪಾಲು ಮಾಲ್ಕಿ. ಹಾಗಾಗಿ ತಮ್ಮನ ಯೋಜನೆ ಅರ್ಧ ಅಲ್ಲೇ ನಿಂತಿದೆ, ಆದ್ರೆ ಮಾಲ್ಕಿ ಭಾಗದಲ್ಲಿ ಕಾಲುವೆ ತೆಗೆದ್ರೂ ಮೇಲಿಂದ ನೀರು ಇಳಿಯುತ್ತಲ್ಲ, ಅದಕ್ಕೇ ಮಾತು ಇನ್ನೂ ಮುಗಿದಿಲ್ಲ.

ಹಲಗೆ ಹಾಕಿದ್ವಿ. ಕಚ್ಚು ಕೊಯ್ದದ್ದು ತಮ್ಮನೇ, ಅವನಿಗೆ ಬಡಗಿ ಕೆಲಸ ಬರುತ್ತೆ. ಹತ್ತು ದಿನದಿಂದ ಬರೀತಿದೀವಿ. ಬೆಳಿಗ್ಗೆ 6ಕ್ಕೆ 6.0 ಸೆಂಮೀ, ಸಂಜೆ 5ಕ್ಕೆ 5.5, ಮತ್ತೆ ಮರುದಿನ ಬೆಳಿಗ್ಗೆ 6.0ಗೆ ಬಂದಿರುತ್ತೆ, ಮಳೆ ಒಂದು ಹನಿ ಇಲ್ಲ, ನಾವು ಪಂಪ್ ಹಾಕೋದು ಹಲಗೆಯಿಂದ ಕೆಳಗೆ. ಇದು ಯಾಕೆ ಹೀಗೆ? ಮೊದಲ ದಿನ ಸ್ಕೇಲ್ ಜಾರಿದೆ ಅನ್ಕೊಂಡ್ವಿ.

---

ಹಳ್ಳಮಾಪಕ (ಮಾರ್ಚ್ 19)

ಸ್ಕೇಲ್ ಜಾರಿಲ್ಲ, ನೀವು ಜಡ್ಡಿಯ ಉಸಿರು ನೋಡ್ತಿದೀರಿ! ಹಗಲು ಬಿಸಿಲು ಬಂದಾಗ ಎಲೆಗಳು ಬಾಯಿ ತೆಗೀತಾವೆ, ಡೈಆಕ್ಸೈಡ್ ತಗೊಂಡು ನೀರು ಬಿಡ್ತಾವೆ, ಹಳ್ಳಕ್ಕೆ ಬರೋದ್ರಲ್ಲಿ ಅಷ್ಟು ಕಮ್ಮಿ. ರಾತ್ರಿ ಬಾಯಿ ಮುಚ್ತಾವೆ, ಗುಡ್ಡದ ಒರತೆ ತುಂಬುತ್ತೆ. 6.0 ಅಂದ್ರೆ ಸೆಕೆಂಡಿಗೆ 1.22 ಲೀಟರ್, 5.5 ಅಂದ್ರೆ 0.98, ವ್ಯತ್ಯಾಸ ಕಾಲು ಲೀಟರ್ ಹತ್ತಿರ. ತಮ್ಮ ಹೇಳಿದ್ದ ನೀರು ಅದು, ಅವನು ಸುಳ್ಳು ಹೇಳಿರ್ಲಿಲ್ಲ. ಈಗ ಉಳಿದ 0.98 ನೋಡಿ, ಮಾರ್ಚ್ ಮಧ್ಯದಲ್ಲೂ ನಡು ಬಿಸಿಲಲ್ಲೂ ನಿಲ್ಲದೆ ಬರ್ತಿರೋದು. ಗಂಟೆಗೆ 3,500 ಲೀಟರ್. ಅವನು ಕಾಲು ಲೀಟರ್ ಹಿಡಿಯೋಕೆ ಹೋಗಿ ಪಣಕ್ಕೆ ಇಡ್ತಿರೋದು ಇದನ್ನ.

ಮೋಡ ಇರೋ ದಿನ ಸಿಕ್ಕಿದ್ರೆ ಅವತ್ತು ತಪ್ಪದೆ ಅಳೀರಿ, ವ್ಯತ್ಯಾಸ ಕಮ್ಮಿ ಬರ್ಬೇಕು.

---

ಜಡ್ಡಿಬದಿ (ಮಾರ್ಚ್ 24)

ನಿನ್ನೆ ಬೆಳಿಗ್ಗೆಯಿಂದ ಪೂರ್ತಿ ಮೋಡ, ಮಳೆ ಬರ್ಲಿಲ್ಲ. ಬೆಳಿಗ್ಗೆ 6.0, ಸಂಜೆ 5.8.

ಸಂಜೆ ಅಳೆಯೋಕೆ ಹೋಗಿದ್ದು ತಮ್ಮ. ಬಂದು ಅಪ್ಪನ ಹತ್ರ ಹೇಳ್ತಿದ್ದ, ಮೇ ಕೊನೆ ತನಕ ಬರೀತೀನಿ, ಆಮೇಲೆ ಮಾತಾಡೋಣ ಅಂತ. ಸಾಗರಕ್ಕೆ ಮುಂದಿನ ಭಾನುವಾರ ನಾವಿಬ್ರೂ ಬರ್ತೀವಿ, ತೋಟದಕೆಲಸ ಅವರೇ, ದಾರಿ ಮೆಸೇಜ್ ಮಾಡಿ.